ಸೆರಗಿನ ಗಂಟು ಮತ್ತು ಜೋಡಣೆಯ ಕಾರ್ಡು

ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನೆಲೆಸಿರುವ ನಮಗೆ ನೋಟು, ನಾಣ್ಯ ಹಿಡಿದು ಪೇಟೆಗೆ ಹೊರಡುವ ಅಭ್ಯಾಸ ಬಹುಮಟ್ಟಿಗೆ ತಪ್ಪಿಹೋಗಿದೆ. ಮೇಟರ್ ಆಸ್ಪತ್ರೆಯ ಬಳಿಯ ಔಷಧದ ಅಂಗಡಿಯಿರಲಿ, ಮೊಂಬಾಸಾ ರಸ್ತೆಯ ದೊಡ್ಡ ಮಳಿಗೆಯಿರಲಿ, ಬೀದಿಯ ತಿರುವಿನಲ್ಲಿ ಕುಳಿತು ಸುಕುಮಾ ವಿಕಿ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚಿಕೊಡುವ ಮಾಮಾ ಮ್ಬೋಗಾ ಇರಲಿ, ಎಲ್ಲರ ಬಳಿಯೂ ಒಂದು ಹಲಗೆಯ ಮೇಲೆ ಟಿಲ್ ಸಂಖ್ಯೆ ಬರೆದಿರುತ್ತದೆ. ಒಂದು ಕಟ್ಟು ಧನಿಯಾ ಸೊಪ್ಪಿನ ಹಣವನ್ನೂ ನಾವು ಫೋನಿನಿಂದಲೇ ಸಲ್ಲಿಸುತ್ತೇವೆ. 2007ರ ಮಾರ್ಚ್ ತಿಂಗಳಲ್ಲಿ ಸಫಾರಿಕಾಮ್ ಸಂಸ್ಥೆ ಎಂ-ಪೆಸಾ ಸೇವೆಯನ್ನು ಆರಂಭಿಸಿದಾಗ ಅದು ಒಬ್ಬರಿಂದ ಒಬ್ಬರಿಗೆ ಹಣ ದಾಟಿಸುವ ಸಾಧನವಾಗಿತ್ತು. 2013ರಲ್ಲಿ ‘ಲಿಪಾ ನಾ ಎಂ-ಪೆಸಾ’ ಬಂದಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಅದರೊಳಗೆ ಸೇರಿಕೊಂಡಿತು.

‘ಪೆಸಾ’ ಎಂಬ ಮಾತು ಕೇಳಿದಾಗಲೆಲ್ಲ ನಮಗೆ ನಮ್ಮ ಊರಿನ ‘ಪೈಸೆ’ ನೆನಪಾಗುತ್ತದೆ. ಎರಡೂ ಒಂದೇ ಬೇರಿನವು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡಕ್ಕೆ 1896ರಿಂದ 1901ರವರೆಗೆ ರೈಲುಹಾದಿ ಹಾಸಿದ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. 1920ರಲ್ಲಿ ಅದರ ಜಾಗಕ್ಕೆ ಫ್ಲಾರಿನ್ ಬಂತು, ಮರುವರ್ಷ ಶಿಲಿಂಗ್ ಬಂತು. ರೂಪಾಯಿ ಹೋದರೂ ಪೈಸೆ ಸ್ವಾಹಿಲಿಯಲ್ಲಿ ಉಳಿಯಿತು. ಲಕ್ಷಕ್ಕೆ ಇಲ್ಲಿ ‘ಲಾಕಿ’ ಎನ್ನುತ್ತಾರೆ, ಗಾಡಿಗೆ ‘ಗಾರಿ’ ಎನ್ನುತ್ತಾರೆ. ಹಣದ ಮಾತಿನಲ್ಲಿ ನಾವು ಈ ನೆಲಕ್ಕೆ ಪೂರ್ತಿ ಹೊರಗಿನವರಲ್ಲ.

ಈ ಲೇಖನಕ್ಕೆ ಪ್ರೇರಣೆಯಾದದ್ದು ಲಂಡನ್ನಿನಲ್ಲಿರುವ ನಮ್ಮ ಸೋದರಮಾವನ ಮಗ ಹೊಗಳಿದ ಒಂದು ಕಾರ್ಡು. ಅದರ ಹೆಸರು ಕರ್ವ್. ಅದರ ಹಿಂದೆ ಸ್ವಂತದ ಖಾತೆಯಿಲ್ಲ. ನಮ್ಮಲ್ಲಿರುವ ನಾಲ್ಕಾರು ಬ್ಯಾಂಕುಗಳ ಕಾರ್ಡುಗಳನ್ನು ಅದಕ್ಕೆ ಜೋಡಿಸಿಬಿಟ್ಟರೆ ಸಾಕು. ಅಂಗಡಿಯಲ್ಲಿ ತೋರಿಸುವುದು ಆ ಒಂದೇ ಕಾರ್ಡನ್ನು. ಹಣ ಯಾವ ಬ್ಯಾಂಕಿನಿಂದ ಹೋಗಬೇಕೆಂಬುದನ್ನು ಫೋನಿನಲ್ಲಿ ನಿರ್ಧರಿಸಬಹುದು, ಕೊಂಡು ಮುಗಿದ ಮೇಲೂ ನಿಗದಿತ ದಿನಗಳೊಳಗೆ ಬದಲಾಯಿಸಬಹುದು. ಆಯ್ದ ಅಂಗಡಿಗಳಲ್ಲಿ ಕೊಂಡರೆ ಶೇಕಡಾ ಒಂದರಷ್ಟು ಹಣ ಹಿಂದಿರುಗುತ್ತದೆ. ಮೂಲ ಕಾರ್ಡಿನ ಕೊಡುಗೆಗಳು ಅದರ ಜೊತೆಗೆ ಬೇರೆ. ಕಾರ್ಡು ಕಳೆದರೆ ಫೋನಿನಲ್ಲೇ ಬೀಗ ಹಾಕಬಹುದು. ಮೂಲ ಕಾರ್ಡುಗಳು ಮನೆಯ ಬೀರುವಿನಲ್ಲಿ ಕ್ಷೇಮವಾಗಿರುತ್ತವೆ. “ಐದು ಕಾರ್ಡು ಹೊರುವ ಬದಲು ಒಂದು ಸಾಕು, ಮೇಲೆ ಲಾಭವೂ ಉಂಟು. ನಿಮ್ಮಲ್ಲಿ ಇಲ್ಲವೇ?” ಎಂದು ಅವನು ಕೇಳಿದ.

ಆ ಕಾರ್ಡು ನಮ್ಮಲ್ಲಿಲ್ಲ, ಆದರೆ ಆ ವಿಚಾರ ನಮ್ಮಲ್ಲಿ ಬೇರೆ ಉಡುಪಿನಲ್ಲಿ ಇದೆ. ಇಲ್ಲಿ ಜೋಡಣೆಯ ಕೇಂದ್ರ ಕಾರ್ಡಲ್ಲ, ಫೋನು. ಬ್ಯಾಂಕಿನ ಖಾತೆಯನ್ನು ಎಂ-ಪೆಸಾಗೆ ಜೋಡಿಸಿಕೊಳ್ಳುತ್ತೇವೆ. 2022ರಲ್ಲಿ ವೀಸಾ ಸಂಸ್ಥೆಯ ಜೊತೆಗೂಡಿ ಬಂದ ಗ್ಲೋಬಲ್‌ಪೇ ಎಂಬ ಸೇವೆ ಈ ಫೋನಿನ ಹಣಚೀಲಕ್ಕೆ ಒಂದು ಅಗೋಚರ ಕಾರ್ಡನ್ನು ಕೊಟ್ಟಿತು. ಕೈಯಲ್ಲಿ ಹಿಡಿಯಲು ಅದಕ್ಕೆ ರೂಪವಿಲ್ಲ. ಸಂಖ್ಯೆ ಮಾತ್ರ ಉಂಟು. ಹೊರದೇಶದ ಅಂತರ್ಜಾಲದ ಅಂಗಡಿಯಲ್ಲಿ ಪುಸ್ತಕ ಕೊಳ್ಳುವಾಗ ಆ ಸಂಖ್ಯೆ ಕೊಟ್ಟರೆ ಹಣ ಎಂ-ಪೆಸಾದಿಂದ ಹೋಗುತ್ತದೆ. ಊರಿನಲ್ಲಿಯೂ ಇಂಥದೇ ಜೋಡಣೆ ಬಂದಿದೆ. 2016ರಲ್ಲಿ ಆರಂಭವಾದ ಯುಪಿಐಗೆ ಮೊದಲು ಬ್ಯಾಂಕ್ ಖಾತೆ ಮಾತ್ರ ಜೋಡಣೆಯಾಗುತ್ತಿತ್ತು; 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಜೋಡಿಸಬಹುದು. ಹೀಗೆ ಒಂದೇ ಕುಟುಂಬದ ಮೂರು ಮನೆಗಳಲ್ಲಿ, ಲಂಡನ್ನಿನಲ್ಲಿ, ನೈರೋಬಿಯಲ್ಲಿ, ಮೈಸೂರಿನಲ್ಲಿ, ಒಂದೇ ಆಸೆ ಮೂರು ರೂಪ ತಾಳಿದೆ: ಹಲವು ಎಳೆಗಳನ್ನು ತಂದು ಒಂದು ಗಂಟಿಗೆ ಕಟ್ಟುವ ಆಸೆ. ಆ ಗಂಟನ್ನು ಯಾವಾಗ ನಂಬಬೇಕು, ಎಷ್ಟು ನಂಬಬೇಕು ಎಂಬುದೇ ನಮ್ಮ ಮುಂದಿನ ಮಾತು.

ಮೊದಲು ಹಿಂದಿರುಗುವ ಹಣದ ವಿಚಾರ. ಈ ಹಣ ಯಾರದು? ನಾವು ಅಂಗಡಿಯಲ್ಲಿ ಕಾರ್ಡು ಬಳಸಿದಾಗ ವರ್ತಕನಿಗೆ ಪೂರ್ತಿ ಮೊತ್ತ ಸೇರುವುದಿಲ್ಲ. ಅದರಲ್ಲೊಂದು ಪಾಲು ಶುಲ್ಕವಾಗಿ ಕಡಿತವಾಗುತ್ತದೆ, ಅದರ ದೊಡ್ಡ ಭಾಗ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ಅದರಿಂದ ಒಂದು ಚೂರನ್ನು ನಮಗೆ ಹಿಂದಿರುಗಿಸಿ ಕೊಡುಗೆ ಎಂದು ಹೆಸರಿಡುತ್ತದೆ. ಯುರೋಪಿನಲ್ಲಿ 2015ರ ನಿಯಮದಂತೆ ಬ್ಯಾಂಕಿನ ಈ ಪಾಲು ಡೆಬಿಟ್ ಕಾರ್ಡಿಗೆ ಶೇಕಡಾ 0.2, ಕ್ರೆಡಿಟ್ ಕಾರ್ಡಿಗೆ ಶೇಕಡಾ 0.3 ಮೀರುವಂತಿಲ್ಲ. ಬರುವುದೇ ಇಷ್ಟಾದರೆ ಶೇಕಡಾ ಒಂದನ್ನು ಎಲ್ಲಿಂದ ಕೊಡುತ್ತಾರೆ? ವರ್ತಕರು ಪ್ರಚಾರಕ್ಕೆಂದು ಕೊಡುವ ಹಣದಿಂದ, ಸದಸ್ಯರ ಚಂದಾದಿಂದ, ಇಲ್ಲವೇ ಹೂಡಿಕೆದಾರರ ಬಂಡವಾಳದಿಂದ. ಆದುದರಿಂದಲೇ ಅದು ಆಯ್ದ ಅಂಗಡಿಗಳಿಗೆ, ಆಯ್ದ ಅವಧಿಗೆ ಸೀಮಿತವಾಗಿರುತ್ತದೆ. ಭಾರತದಲ್ಲಿ 2020ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐ ಪಾವತಿಗೆ ವರ್ತಕನಿಂದ ಶುಲ್ಕ ಪಡೆಯುವಂತಿಲ್ಲ. ಅಲ್ಲಿ ಹಿಂದಿರುಗುವ ಹಣ ಬಹುಪಾಲು ಗೀಚು ಚೀಟಿಯ ಆಟವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

“ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ” ಎಂಬುದು ಸ್ವಾಹಿಲಿ ಗಾದೆ. ಚೂರು ಚೂರು ಸೇರಿ ಅಳತೆಯ ಪಾತ್ರೆ ತುಂಬುತ್ತದೆ ಎಂದರ್ಥ; ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ’ದ ಸೋದರಿ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾತ್ರೆಯ ತಳ ಸೋರುತ್ತಿದೆಯೇ ಎಂದೂ ನೋಡಬೇಕು. ಉದಾಹರಣೆಗೆ, ತಿಂಗಳಿಗೆ 60,000 ಶಿಲಿಂಗ್ ಮನೆವೆಚ್ಚವನ್ನು ಕಾರ್ಡಿನಲ್ಲೇ ಮಾಡಿ, ಎಲ್ಲಕ್ಕೂ ಶೇಕಡಾ ಒಂದು ಹಿಂದಿರುಗಿತೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 600, ವರ್ಷಕ್ಕೆ 7,200 ಶಿಲಿಂಗ್. ಅದೇ ಕಾರ್ಡಿನಲ್ಲಿ ಮಕ್ಕಳ ಪರೀಕ್ಷಾ ಶುಲ್ಕ, ವಿಮಾನದ ಟಿಕೆಟ್ ಎಂದು ವರ್ಷಕ್ಕೆ 2,40,000 ಶಿಲಿಂಗ್ ಬೆಲೆಯ ವಿದೇಶಿ ಪಾವತಿ ಮಾಡಿ, ನಾಣ್ಯ ವಿನಿಮಯದಲ್ಲಿ ಬ್ಯಾಂಕು ಶೇಕಡಾ ಮೂರು ಹೆಚ್ಚಿಗೆ ಹಿಡಿದರೆ ಹೋದದ್ದು 7,200. ಬಂದದ್ದೂ ಹೋದದ್ದೂ ಸರಿಸಮ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಒಂದು ತಿಂಗಳು ಉಳಿಸಿಕೊಂಡರಂತೂ ಬಡ್ಡಿಗೆ ಲೆಕ್ಕವೇ ತಲೆಕೆಳಗು. ಆದುದರಿಂದ ನಮ್ಮ ಮನೆಯಲ್ಲಿ ಕೊಡುಗೆಯನ್ನು ನೋಡುವ ಮುನ್ನ ವಿನಿಮಯ ದರವನ್ನೂ ಬಾಕಿಯನ್ನೂ ನೋಡುವುದು ರೂಢಿ. ಕೊಡುಗೆ ಬಂದರೆ ಪ್ರಸಾದದಂತೆ ಸ್ವೀಕರಿಸುತ್ತೇವೆ. ಅದಕ್ಕಾಗಿ ಬೇಡದ ವಸ್ತು ಕೊಳ್ಳುವುದಿಲ್ಲ.

ಜೋಡಣೆಯ ನಿಜವಾದ ಲಾಭ ಇರುವುದು ಮರೆಮಾಚುವುದರಲ್ಲಿ. ಅಂಗಡಿಯವನಿಗೆ ಕಾಣುವುದು ಮುಂದಿನ ಕಾರ್ಡು, ಹಿಂದಿನ ಖಾತೆಯಲ್ಲ. ಗ್ಲೋಬಲ್‌ಪೇ ಕಾರ್ಡಿನ ಮೂರಂಕಿಯ ಗುಪ್ತಸಂಖ್ಯೆಯನ್ನು ಬೇಕಾದಾಗ ಕೇಳಿ ಪಡೆಯಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ನಿರುಪಯೋಗಿಯಾಗುತ್ತದೆ. ಆ ಸಂಖ್ಯೆ ನಾಳೆ ಕಳ್ಳನ ಕೈ ಸೇರಿದರೂ ಹಳೆಯ ಬೀಗದ ಕೈ ಸಿಕ್ಕಂತಾಯಿತು. ಭಾರತದ ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮದ ತಿರುಳೂ ಇದೇ. ಅಂತರ್ಜಾಲದ ವರ್ತಕರು ನಮ್ಮ ಕಾರ್ಡಿನ ನಿಜವಾದ ಸಂಖ್ಯೆಯನ್ನು ಕೂಡಿಟ್ಟುಕೊಳ್ಳುವಂತಿಲ್ಲ; ಅದರ ಬದಲು ಆ ವರ್ತಕನಲ್ಲಿ ಮಾತ್ರ ನಡೆಯುವ ಒಂದು ಟೋಕನ್ ಇಟ್ಟುಕೊಳ್ಳಬೇಕು. ಒಬ್ಬ ವರ್ತಕನ ಕಡತ ಸೋರಿಹೋದರೂ ಕಳ್ಳನಿಗೆ ಸಿಗುವುದು ಬೇರೆಡೆ ಚಲಾವಣೆಯಾಗದ ನಾಣ್ಯ.

ಇದು ಹೊಸ ಬುದ್ಧಿಯೇನಲ್ಲ. ನಮ್ಮ ಅಜ್ಜಿಯಂದಿರು ಸಂತೆಗೆ ಹೋಗುವಾಗ ಸೆರಗಿನ ತುದಿಯಲ್ಲಿ ನಾಲ್ಕು ಕಾಸು ಗಂಟುಕಟ್ಟಿಕೊಳ್ಳುತ್ತಿದ್ದರು. ಮನೆಯ ಹಣ ಪೆಟ್ಟಿಗೆಯಲ್ಲಿರುತ್ತಿತ್ತು, ಪೆಟ್ಟಿಗೆ ಒಳಕೋಣೆಯಲ್ಲಿರುತ್ತಿತ್ತು. ಸಂತೆಯ ನೂಕುನುಗ್ಗಲಿನಲ್ಲಿ ಗಂಟು ಹೋದರೆ ಆ ದಿನದ ತರಕಾರಿ ಹೋಯಿತು, ಅಷ್ಟೇ. ಸೆರಗಿನ ಗಂಟಿಗೂ ಒಳಕೋಣೆಯ ಪೆಟ್ಟಿಗೆಗೂ ನಡುವೆ ಒಂದು ದೂರವಿತ್ತು. ಪೆಟ್ಟಿಗೆಯಿಂದ ಗಂಟಿಗೆ ಕಾಸು ಬರಬೇಕಾದರೆ ಅಜ್ಜಿಯೇ ಎದ್ದು ಹೋಗಬೇಕಾಗಿತ್ತು. ಇಂದಿನ ಜೋಡಣೆ ಆ ದೂರವನ್ನು ಅಳಿಸಿಹಾಕುತ್ತದೆ. ಅದರ ಸೊಗಸೂ ಅದೇ, ಅಪಾಯವೂ ಅದೇ.

ಅಪಾಯದ ಮೊದಲ ರೂಪವನ್ನು ಲಂಡನ್ನಿನ ಕಾರ್ಡೇ ತೋರಿಸಿಕೊಟ್ಟಿತು. 2020ರ ಜೂನ್ ತಿಂಗಳಿನಲ್ಲಿ ಜರ್ಮನಿಯ ವೈರ್‌ಕಾರ್ಡ್ ಸಂಸ್ಥೆಯ ಲೆಕ್ಕದಲ್ಲಿ 190 ಕೋಟಿ ಯೂರೋ ಕಾಣೆಯಾದದ್ದು ಬಯಲಾಗಿ ಅದು ದಿವಾಳಿಯೆದ್ದಿತು. ಜೂನ್ 26ರಂದು ಬ್ರಿಟನ್ನಿನ ಹಣಕಾಸು ನಿಯಂತ್ರಕರು ಅದರ ಅಲ್ಲಿನ ಅಂಗಸಂಸ್ಥೆಯ ವ್ಯವಹಾರಕ್ಕೆ ತಡೆಯೊಡ್ಡಿದರು. ಕರ್ವ್ ಕಾರ್ಡು ನಡೆಯುತ್ತಿದ್ದುದು ಆ ಅಂಗಸಂಸ್ಥೆಯ ಮೂಲಕ, ಒಮ್ಮೆಲೇ ನಿಂತುಹೋಯಿತು. ಕೆಲವೇ ದಿನಗಳಲ್ಲಿ ಬೇರೆ ವ್ಯವಸ್ಥೆಯಾಗಿ ಕಾರ್ಡು ಮತ್ತೆ ನಡೆಯಿತು. ಜನರ ಹಣ ಅವರವರ ಬ್ಯಾಂಕಿನಲ್ಲೇ ಇತ್ತು, ಒಂದು ಪೆನ್ನಿಯೂ ಕದಲಿರಲಿಲ್ಲ. ಆದರೆ ಮೂಲ ಕಾರ್ಡುಗಳನ್ನೆಲ್ಲ ಮನೆಯಲ್ಲಿಟ್ಟು ಆ ಒಂದನ್ನೇ ಹಿಡಿದು ಹೊರಟವನಿಗೆ ಹಣ ಇದ್ದೂ ಇಲ್ಲದಂತಾಯಿತು. ಬಾವಿಯಲ್ಲಿ ನೀರಿದ್ದು ಹಗ್ಗ ಕಡಿದರೆ ಆಗುವ ಸ್ಥಿತಿ ಅದು. ಇನ್ನೊಂದು ಸೂಕ್ಷ್ಮವೂ ಉಂಟು. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮು, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ವಸ್ತು ಕೆಟ್ಟುಹೋದರೆ ಬ್ಯಾಂಕಿನ ಮೇಲೂ ಹೊಣೆ ಹೊರಿಸುತ್ತದೆ. ಕೊಳ್ಳುವವನಿಗೂ ಬ್ಯಾಂಕಿಗೂ ನಡುವೆ ಮೂರನೆಯವನೊಬ್ಬ ನುಗ್ಗಿದರೆ ಆ ಹಕ್ಕು ಸಾಮಾನ್ಯವಾಗಿ ದಕ್ಕುವುದಿಲ್ಲ. ಕೊಂಡಿಯೊಂದು ಹೆಚ್ಚಾದಾಗ ಹೊಣೆಗಾರನೊಬ್ಬ ದೂರವಾಗುತ್ತಾನೆ.

ಎರಡನೆಯ ರೂಪ ನಮ್ಮ ನೈರೋಬಿಯದು. ಇಲ್ಲಿ ಎಲ್ಲ ಎಳೆಗಳೂ ಸೇರುವುದು ಒಂದು ಸಿಮ್‌ನಲ್ಲಿ. ವಂಚಕನೊಬ್ಬ ನಮ್ಮ ಹೆಸರು, ಗುರುತಿನ ಸಂಖ್ಯೆ ಹೇಗೋ ಸಂಪಾದಿಸಿ, ನಮ್ಮ ಸಂಖ್ಯೆಗೆ ಬೇರೊಂದು ಸಿಮ್ ಮಾಡಿಸಿಕೊಂಡರೆ ನಮ್ಮ ಫೋನು ಮೂಕವಾಗುತ್ತದೆ, ಬ್ಯಾಂಕಿನ ಒಟಿಪಿಗಳು ಅವನ ಕೈಗೆ ಹೋಗುತ್ತವೆ. ಇನ್ನು ಫೋನಿನೊಂದಿಗೆ ಪಿನ್ ಕೂಡ ಕಳ್ಳನ ಕೈಗೆ ಸಿಕ್ಕಿತೆನ್ನೋಣ. ಹಣಚೀಲದಲ್ಲಿದ್ದಷ್ಟು ಹೋಯಿತು ಎಂದು ಸಮಾಧಾನಪಡುವಂತಿಲ್ಲ. 2012ರಿಂದ ಎಂ-ಶ್ವಾರಿ ಎಂಬ ಸಾಲದ ಸೌಲಭ್ಯವೂ 2019ರಿಂದ ಫುಲಿಜಾ ಎಂಬ ಓವರ್‌ಡ್ರಾಫ್ಟ್ ಸೌಲಭ್ಯವೂ ಇದೇ ಫೋನಿಗೆ ಜೋಡಣೆಯಾಗಬಲ್ಲವು. ಖಾಲಿ ಚೀಲದಿಂದಲೂ ಹಣ ಹೊರಡಬಲ್ಲದು. ತೀರಿಸುವ ಹೊಣೆ ನಮ್ಮದು. ಸೆರಗಿನ ಗಂಟು ಕದ್ದವನು ನಮ್ಮ ಹೆಸರಿನಲ್ಲಿ ಸಾಲವನ್ನೂ ಎತ್ತಿಕೊಂಡು ಹೋದಂತೆ.

ಮೂರನೆಯ ರೂಪವನ್ನು ಯಾವ ಕಳ್ಳನೂ ಇಲ್ಲದೆಯೇ ನಾವು ಕಂಡೆವು. ಕಳೆದ ಮಳೆಗಾಲದ ಒಂದು ರಾತ್ರಿ ಮೈಸೂರಿನಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಕ್ಕದ ಮನೆಯ ಮೇಷ್ಟ್ರು ಅವರನ್ನು ಆಸ್ಪತ್ರೆಗೆ ಸೇರಿಸಿ ನಮಗೆ ಫೋನು ಮಾಡಿದಾಗ ಇಲ್ಲಿ ಹತ್ತು ಗಂಟೆ, ಅಲ್ಲಿ ಹನ್ನೆರಡೂವರೆ. ಮುಂಗಡ ಕಟ್ಟಬೇಕಾಗಿತ್ತು. ಊರಿನ ಬ್ಯಾಂಕಿನಲ್ಲಿ ನಮ್ಮ ಹಣವಿತ್ತು. ಅದನ್ನು ಕಳುಹಿಸಲು ಬ್ಯಾಂಕಿನ ಆ್ಯಪ್ ಇತ್ತು, ಡೆಬಿಟ್ ಕಾರ್ಡಿತ್ತು, ಯುಪಿಐ ಇತ್ತು. ಎಣಿಕೆಗೆ ಮೂರು ದಾರಿ. ಆದರೆ ಮೂರಕ್ಕೂ ಬೇಕಾದ ಸಂದೇಶ ಬರಬೇಕಾದದ್ದು ನಮ್ಮ ಭಾರತದ ಒಂದೇ ಸಿಮ್‌ಗೆ. ಅಂದು ರಾತ್ರಿ ರೋಮಿಂಗಿನಲ್ಲಿದ್ದ ಆ ಸಂಖ್ಯೆಗೆ ಸಂದೇಶವೇ ಬರಲಿಲ್ಲ. ಒಂದು ಬಾರಿ, ಎರಡು ಬಾರಿ, ಐದು ಬಾರಿ ಯತ್ನಿಸಿದ ಮೇಲೆ ಸುರಕ್ಷತೆಯ ಕಾರಣಕ್ಕೆ ಖಾತೆಗೇ ಬೀಗ ಬಿತ್ತು. ಸಹಾಯವಾಣಿಯವರು ಸೌಜನ್ಯದಿಂದಲೇ ಮಾತನಾಡಿದರು, ಬೆಳಗ್ಗೆ ಶಾಖೆಗೆ ಬನ್ನಿ ಎಂದರು. ನೈರೋಬಿಯಿಂದ ಬೆಳಗ್ಗೆ ಮೈಸೂರಿನ ಶಾಖೆಗೆ!

ಕೊನೆಗೆ ಮುಂಗಡ ಕಟ್ಟಿದವರು ಮೇಷ್ಟ್ರು. ತಮ್ಮ ಪಿಂಚಣಿಯ ಖಾತೆಯ ಕಾರ್ಡು ಕೊಟ್ಟು ಕಟ್ಟಿದರು. “ನೀವು ಚಿಂತೆ ಮಾಡಬೇಡಿ, ಹಣದ ಮಾತು ನಾಳೆ ಆಡೋಣ, ಮೊದಲು ಅಮ್ಮನ ಹತ್ತಿರ ಎರಡು ಮಾತಾಡಿ” ಎಂದು ಫೋನನ್ನು ಅಮ್ಮನ ಕಿವಿಗೆ ಹಿಡಿದರು. ಅಮ್ಮ ಕೇಳಿದ್ದು ಒಂದೇ: “ಮಕ್ಕಳ ಊಟ ಆಯಿತಾ?”

ಆ ರಾತ್ರಿ ನಮಗೆ ಸ್ಪಷ್ಟವಾದದ್ದು ಇಷ್ಟು. ಕಾರ್ಡುಗಳ ಸಂಖ್ಯೆಯಿಂದ ಭದ್ರತೆ ಅಳೆಯಲಾಗದು; ಅವು ಎಷ್ಟು ಬೇರೆ ಬೇರೆ ಕಂಬಗಳ ಮೇಲೆ ನಿಂತಿವೆ ಎಂಬುದರಿಂದ ಅಳೆಯಬೇಕು. ಹತ್ತು ಕಾರ್ಡು ಒಂದೇ ಸಿಮ್‌ನ ಮೇಲೆ ನಿಂತಿದ್ದರೆ ಅವು ಹತ್ತಲ್ಲ, ಒಂದು. ನಮ್ಮಂಥ ಕೀನ್ಯಾವಾಸಿಗಳಿಗೆ ಈ ಮಾತು ಇನ್ನಷ್ಟು ಮುಖ್ಯ. 2023ರ ಜನವರಿಯಲ್ಲಿ ಅನಿವಾಸಿ ಭಾರತೀಯರು ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ವಿದೇಶಿ ಮೊಬೈಲ್ ಸಂಖ್ಯೆಯ ಮೂಲಕವೇ ಯುಪಿಐಗೆ ಜೋಡಿಸಬಹುದೆಂದು ಹತ್ತು ದೇಶಗಳ ಪಟ್ಟಿ ಬಂತು. ಬ್ರಿಟನ್, ಅಮೆರಿಕ, ಸಿಂಗಪುರ, ಅರಬ್ ಸಂಯುಕ್ತ ಸಂಸ್ಥಾನ ಮೊದಲಾದವು ಅದರಲ್ಲಿದ್ದವು, ಕೀನ್ಯಾ ಇರಲಿಲ್ಲ. ದುಬೈಯಲ್ಲಿರುವ ಬಂಧುಗಳು ಕೊಡುವ ಸಲಹೆ ನಮಗೆ ಹಾಗೆಯೇ ಹೊಂದಲಾರದು.

ಅಮ್ಮ ಈಗ ಊರುಗೋಲು ಹಿಡಿದು ಅಂಗಳದವರೆಗೆ ಓಡಾಡುತ್ತಿದ್ದಾರೆ. ಮೇಷ್ಟ್ರ ಹಣ ಮರುವಾರವೇ ಸಂದಾಯವಾಯಿತು. ಋಣ ಹಾಗೆಯೇ ಇದೆ. ಅಮ್ಮ ಚೇತರಿಸಿಕೊಂಡ ಮೇಲೆ ನಾವು ಮನೆಯ ಹಣದ ಎಳೆಗಳನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಸದಸ್ಯ ಕುಟುಂಬಗಳಿಗೆ ಉಪಯೋಗವಾದೀತೆಂದು ಅದರ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಅಮ್ಮನ ಆರೈಕೆಯ ಹಣ ಈಗ ನಮ್ಮ ಫೋನನ್ನು ಅವಲಂಬಿಸಿಲ್ಲ. ಅಮ್ಮ ಮತ್ತು ಊರಿನಲ್ಲಿರುವ ತಂಗಿಯ ಹೆಸರಿನಲ್ಲಿ ಒಂದು ಜಂಟಿ ಖಾತೆ ತೆರೆಸಿ, ಆಸ್ಪತ್ರೆಯ ಮುಂಗಡಕ್ಕೆ ಸಾಕಾಗುವಷ್ಟನ್ನು ಮೊದಲೇ ಅಲ್ಲಿ ಇರಿಸಿದ್ದೇವೆ. ಅದರ ಸಂದೇಶಗಳು ತಂಗಿಯ ಫೋನಿಗೆ ಹೋಗುತ್ತವೆ. ಕಾರ್ಡು ಅಮ್ಮನ ಬೀರುವಿನಲ್ಲಿದೆ. ಈ ಖಾತೆಯನ್ನು ಯಾವ ಆ್ಯಪ್‌ಗೂ, ಯಾವ ಕೊಡುಗೆಗೂ ಜೋಡಿಸಿಲ್ಲ. ಇದು ಒಳಕೋಣೆಯ ಪೆಟ್ಟಿಗೆ.

ನೈರೋಬಿಯಲ್ಲಿ ಎಂ-ಪೆಸಾ ನಮ್ಮ ಸೆರಗಿನ ಗಂಟು. ವಾರದ ಖರ್ಚಿಗೆ ಬೇಕಾದಷ್ಟನ್ನೇ ಅದರಲ್ಲಿ ಇಡುತ್ತೇವೆ. ಬ್ಯಾಂಕಿನಿಂದ ಫೋನಿಗೆ ಒಂದು ದಿನದಲ್ಲಿ ಬರಬಹುದಾದ ಹಣಕ್ಕೆ ಬ್ಯಾಂಕಿನಲ್ಲೇ ಕಡಿಮೆ ಮಿತಿ ಹಾಕಿಸಿದ್ದೇವೆ. ಓವರ್‌ಡ್ರಾಫ್ಟ್ ಸೌಲಭ್ಯದಿಂದ ಹೊರಬಂದಿದ್ದೇವೆ. ಫೋನು ತೆರೆಯುವ ಪಿನ್ ಒಂದು, ಎಂ-ಪೆಸಾದ ಪಿನ್ ಮತ್ತೊಂದು, ಸಿಮ್‌ಗೆ ಮತ್ತೊಂದು. ನಮಗೆ ಗೊತ್ತಾಗದಂತೆ ಸಿಮ್ ಬದಲಾಯಿಸಲಾಗದ ಹಾಗೆ ತಡೆ ಹಾಕಿಸಿದ್ದೇವೆ. ಅಂತರ್ಜಾಲದ ಕೊಳ್ಳುವಿಕೆಗೆಲ್ಲ ಅಗೋಚರ ಕಾರ್ಡೇ; ಬ್ಯಾಂಕಿನ ನಿಜವಾದ ಕಾರ್ಡಿನ ಸಂಖ್ಯೆಯನ್ನು ಯಾವ ಅಂಗಡಿಗೂ ಕೊಡುವುದಿಲ್ಲ. ಫೋನಿನ ನೆರವಿಲ್ಲದೆ ನಡೆಯುವ ಒಂದು ಕಾರ್ಡನ್ನೂ ಕೆಲವು ಸಾವಿರ ಶಿಲಿಂಗ್ ನೋಟನ್ನೂ ಮನೆಯಲ್ಲಿ ಬೇರೆಯಾಗಿ ಇಟ್ಟಿದ್ದೇವೆ.

ಹಣ ಕಳುಹಿಸುವಾಗ ಫೋನು ಪಡೆಯುವವರ ಹೆಸರನ್ನು ತೋರಿಸಿ ಒಂದು ಕ್ಷಣ ಕಾಯುತ್ತದೆ. ಆ ಸೌಲಭ್ಯಕ್ಕೆ ‘ಹಕಿಕಿಶಾ’ ಎಂದು ಹೆಸರು, ಖಚಿತಪಡಿಸಿಕೊ ಎಂದರ್ಥ. ನಮ್ಮ ‘ಹಕೀಕತ್ತು’ ಬಂದ ಅರಬ್ಬಿಯ ಬೇರಿನಿಂದಲೇ ಬಂದ ಪದವಿದು. ಮಕ್ಕಳಿಗೆ ಆ ಹೆಸರನ್ನು ಗಟ್ಟಿಯಾಗಿ ಓದಿಯೇ ಮುಂದೆ ಹೋಗಬೇಕೆಂದು ಕಲಿಸಿದ್ದೇವೆ. “ತಪ್ಪಿ ನಿಮಗೆ ಹಣ ಬಂದಿದೆ, ಹಿಂದಿರುಗಿಸಿ” ಎಂದು ಅಪರಿಚಿತರು ಕರೆ ಮಾಡಿದರೆ ಮೊದಲು ನಮ್ಮ ಬಾಕಿ ನೋಡಿಕೊಳ್ಳಬೇಕು. ಬಂದ ಸಂದೇಶವೇ ಸುಳ್ಳಿರಬಹುದು. ನಿಜವಾಗಿಯೇ ತಪ್ಪಿ ಕಳುಹಿಸಿದವರು ತಮ್ಮ ಸಂದೇಶವನ್ನು 456ಕ್ಕೆ ರವಾನಿಸಿದರೆ ಹಿಂಪಡೆಯುವ ಕ್ರಮ ಆರಂಭವಾಗುತ್ತದೆ. ನಾವು ನಮ್ಮ ಕೈಯಾರೆ ಮತ್ತೊಮ್ಮೆ ಕಳುಹಿಸಬೇಕಾದ ಅಗತ್ಯವಿಲ್ಲ.

ಲಂಡನ್ನಿನ ಸೋದರಮಾವನ ಮಗನಿಗೂ ಇದನ್ನೇ ಬರೆದು ತಿಳಿಸಿದೆವು. ಅವನ ಕಾರ್ಡನ್ನು ಬಿಡಬೇಕೆಂದು ನಾವು ಹೇಳಲಿಲ್ಲ. ದಿನನಿತ್ಯದ ಸಾಮಾನಿಗೆ ಅದು ಒಳ್ಳೆಯ ಗಂಟು. ದೊಡ್ಡ ಮೊತ್ತದ ವಸ್ತು ಕೊಳ್ಳುವಾಗ ಮೂಲ ಕ್ರೆಡಿಟ್ ಕಾರ್ಡನ್ನೇ ನೇರವಾಗಿ ಬಳಸು, ಪ್ರಯಾಣದಲ್ಲಿ ಎರಡನೆಯ ಕಾರ್ಡೊಂದು ಜೇಬಿನಲ್ಲಿರಲಿ ಎಂದಷ್ಟೇ ಹೇಳಿದೆವು. “ಹಾಗಾದರೆ ಒಂದೇ ಕಾರ್ಡಿನ ಮಜವೇ ಹೋಯಿತಲ್ಲ” ಎಂದು ಅವನು ನಕ್ಕ. ಆದರೂ ಮುಂದಿನ ವಾರ ಅತ್ತೆಯ ಹೆಸರಿನಲ್ಲಿ ಊರಿನಲ್ಲೊಂದು ಖಾತೆ ತೆರೆಯುವುದು ಹೇಗೆಂದು ಕೇಳಿ ಫೋನು ಮಾಡಿದ.

ಡಿಸೆಂಬರಿನ ರಜೆಗೆ ನಮ್ಮಲ್ಲಿ ಅನೇಕ ಕುಟುಂಬಗಳು ಊರಿಗೆ ಹೋಗುತ್ತವೆ. ಬ್ಯಾಂಕಿನ ಶಾಖೆಗೆ ಮುಖತಃ ಹೋಗಿ ಮಾಡಿಸಬೇಕಾದ ಕೆಲಸಗಳಿಗೆ ಅದೇ ಸಮಯ. ಹೊರಡುವ ಮುನ್ನ ಒಂದು ಸಂಜೆ ಕುಳಿತು, ಮನೆಯ ಪ್ರತಿಯೊಂದು ಕಾರ್ಡಿನ ಮುಂದೆಯೂ ಅದು ಯಾವ ಸಿಮ್‌ನ ಮೇಲೆ ನಿಂತಿದೆ ಎಂದು ಕಾಗದದಲ್ಲಿ ಬರೆದು ನೋಡಿ. ಊರಿನ ಹಿರಿಯರ ಹೆಸರಿನ ಮುಂದೆ, ನಡುರಾತ್ರಿ ನಮ್ಮ ಫೋನು ಮೂಕವಾದರೆ ಅವರ ಆಸ್ಪತ್ರೆಯ ಹಣ ಯಾರ ಕೈಯಿಂದ ಸಲ್ಲುತ್ತದೆ ಎಂಬುದನ್ನೂ ಬರೆಯಿರಿ. ಆ ಜಾಗ ಖಾಲಿ ಉಳಿದರೆ ಊರಿಗೆ ಹೋದಾಗ ಮೊದಲು ಮಾಡಬೇಕಾದ ಕೆಲಸ ಅದು. ನಾವು ಈ ಸಲ ಹೋದಾಗ ಮೇಷ್ಟ್ರ ಮನೆಗೆ ಇಲ್ಲಿನ ಕೆರಿಚೋ ಚಹಾಪುಡಿ ಒಯ್ಯಬೇಕೆಂದಿದ್ದೇವೆ.